ಭಾವನ ಪೈಲ್ವಾನನೂ ನನ್ನ ಲೈಸೆನ್ಸೂ

ನಮ್ಮ ಭಾವನಿಗೆ ಇಬ್ಬರು ತಮ್ಮಂದಿರು. ಒಬ್ಬರು ನನ್ನ ಯಜಮಾನರು. ಸಮುದ್ರದ ನಡುವೆ ಎಣ್ಣೆ ತೆಗೆಯುವ ದ್ವೀಪದಲ್ಲಿ ನಾಲ್ಕು ವಾರ ದುಡಿದು, ನಾಲ್ಕು ವಾರ ಮನೆಗೆ ಬರುವವರು. ಇನ್ನೊಬ್ಬ ಅಮೆರಿಕದಲ್ಲಿದ್ದಾನೆ. ಹೊಳೆಯುವ ಚಡ್ಡಿ ತೊಟ್ಟು, ನಾಲ್ಕೂ ಸುತ್ತ ಹಗ್ಗ ಕಟ್ಟಿದ ಕಟ್ಟೆಯ ಮೇಲೆ ಜನರನ್ನು ಎತ್ತಿ ಎತ್ತಿ ಒಗೆಯುವುದು ಅವನ ಉದ್ಯೋಗ. ತನಗೊಬ್ಬ ಅಣ್ಣ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿದ್ದಾನೆ ಎಂಬುದು ಆ ಎರಡನೆಯವನಿಗೆ ಇನ್ನೂ ಗೊತ್ತಿಲ್ಲ, ಅಷ್ಟೆ!

ಭಾವ ಅವನ ಹೆಸರು ಹೇಳುವುದಿಲ್ಲ. "ನಮ್ಮವ" ಎನ್ನುತ್ತಾರೆ. ಮದುವೆಯಾದ ಹೊಸತರಲ್ಲಿ ಒಂದು ಬೆಳಿಗ್ಗೆ ಫೋನ್ ಮಾಡಿ, "ನಮ್ಮವನನ್ನು ಏಣಿ ಮೇಲಿಂದ ದೂಡಿ ಹಾಕಿದ್ರು ಮಾರಾಯ್ತಿ, ಏಳಲಿಕ್ಕೇ ಆಗ್ಲಿಲ್ಲ ಅವನಿಗೆ" ಎಂದು ಗದ್ಗದಿತರಾದರು. ದ್ವೀಪದಲ್ಲಿ ಏಣಿಗಳಿಗೇನು ಕಡಿಮೆಯೇ? ನಾನು ಸಟ್ಟುಗ ಹಿಡಿದುಕೊಂಡೇ ನೆಲಕ್ಕೆ ಕುಸಿದೆ. ಬಿದ್ದದ್ದು ಅಮೆರಿಕದ ತಮ್ಮ ಎಂದು ಗೊತ್ತಾಗುವ ಹೊತ್ತಿಗೆ ದೋಸೆ ಕಲ್ಲಿನ ಮೇಲೆ ಕರಿ ಚಂದ್ರನಾಗಿತ್ತು.

ಭಾವ ಮದುವೆಯಾಗಿಲ್ಲ. ಕೇಳಿದರೆ, "ನಮ್ಮದು ಸಿಂಗಲ್ಸ್. ಜೋಡಿ ಕುಸ್ತಿ, ಟ್ಯಾಗ್ ಟೀಮ್ ನಮಗೆ ಆಗುದಿಲ್ಲ" ಎನ್ನುತ್ತಾರೆ. ಹಮ್ದಾನ್ ಸ್ಟ್ರೀಟಿನ ಒಂದು ಟೈಪಿಂಗ್ ಸೆಂಟರಿನಲ್ಲಿ ಕೂತು, ಬಂದವರ ವೀಸಾ ಅರ್ಜಿಗಳನ್ನು ಅರಬ್ಬಿಯಲ್ಲಿ ಟೈಪ್ ಮಾಡಿಕೊಡುತ್ತಾರೆ. ಅವರ ತಲೆಯ ಮೇಲೆ ಗೋಡೆಯಲ್ಲಿ ನಮ್ಮವನ ದೊಡ್ಡ ಫೋಟೋ. ಎಣ್ಣೆ ಹಚ್ಚಿದ ಬರಿಮೈ, ಸೊಂಟದಲ್ಲಿ ತಟ್ಟೆಯಷ್ಟಗಲದ ಚಿನ್ನದ ಪಟ್ಟಿ. ಊರಿಂದ ಹೊಸದಾಗಿ ಬಂದಿಳಿದ ಒಬ್ಬರು ಒಮ್ಮೆ ಫೋಟೋ ನೋಡಿ, ದನಿ ತಗ್ಗಿಸಿ, "ಇವರು ನಿಮ್ಮ ಅರ್ಬಾಬಾ?" ಎಂದರಂತೆ. ಅರ್ಬಾಬ್ ಎಂದರೆ ಇಲ್ಲಿ ಕೆಲಸ ಕೊಟ್ಟ ಧಣಿ.

"ಅಲ್ಲ, ತಮ್ಮ."

ಬಂದವರು ಭಾವನ ಐವತ್ತು ಕಿಲೋ ದೇಹವನ್ನು ಒಮ್ಮೆ, ಫೋಟೋವನ್ನು ಒಮ್ಮೆ ನೋಡಿ, ಪಾಸ್‌ಪೋರ್ಟ್ ಮುಂದಿಟ್ಟರಂತೆ.

ಇಂಥ ಭಾವನನ್ನು ಗುರುವಾಗಿಟ್ಟುಕೊಂಡು ನಾನು ದುಬೈಯಲ್ಲಿ ಡ್ರೈವಿಂಗ್ ಲೈಸೆನ್ಸ್ ತೆಗೆಯಲು ಹೊರಟೆ ಎಂದರೆ ನನ್ನ ಧೈರ್ಯವನ್ನು ನೀವು ಮೆಚ್ಚಬೇಕು!

ಹೊರಡಲು ಕಾರಣವಿತ್ತು. ಹೋದ ಚಳಿಗಾಲದ ಒಂದು ಸಂಜೆ, ಯಜಮಾನರು ದ್ವೀಪದಲ್ಲಿರುವಾಗ, ಹನ್ನೆರಡು ವರ್ಷದ ನನ್ನ ಮಗಳಿಗೆ ಉಬ್ಬಸ ಏರಿತು. ಇನ್‌ಹೇಲರ್ ಮುಗಿದಿತ್ತು. ದುಬೈಯ ಮಿರ್ದಿಫಿನ ನಮ್ಮ ಬಿಲ್ಡಿಂಗಿನ ಕೆಳಗೆ ನಿಂತು ಫೋನಿನಲ್ಲಿ ಟ್ಯಾಕ್ಸಿ ಕರೆದೆ. ಪರದೆಯ ಮೇಲೆ ಪುಟ್ಟ ಕಾರೊಂದು ತಿರುಗುತ್ತಲೇ ಇತ್ತು, ನನ್ನ ಹೆಗಲ ಮೇಲೆ ಮಗಳ ಉಸಿರು ಶಿಳ್ಳೆ ಹಾಕುತ್ತಲೇ ಇತ್ತು. ಕೊನೆಗೆ ಕೆಳಗಿನ ಫ್ಲಾಟಿನ ಮೈಮೂನಕ್ಕ, ಮಂಗಳೂರು ಕಡೆಯ ಬ್ಯಾರಿಗಳು, ಕೆಲಸದಿಂದ ಬಂದವರು ಕಾರಿನಿಂದ ಇಳಿಯದೆಯೇ ನಮ್ಮನ್ನು ಆಸ್ಪತ್ರೆಗೆ ಮುಟ್ಟಿಸಿದರು. ಅವತ್ತೇ ತೀರ್ಮಾನಿಸಿದೆ: ಇನ್ನೊಂದು ಚಳಿಗಾಲ ಬರುವುದರೊಳಗೆ ನಾನೇ ಕಾರು ಓಡಿಸಬೇಕು.

ತೀರ್ಮಾನಿಸಿದರೆ ಸಾಕೇ? ರೋಡ್ ಟೆಸ್ಟಿನಲ್ಲಿ ಆರು ಸಲ ಫೇಲಾದೆ!

ಒಂದೊಂದು ಸಲ ಫೇಲಾದಾಗಲೂ ಭಾವ ನಮ್ಮವನ ಚರಿತ್ರೆಯಿಂದ ಒಂದೊಂದು ಅಧ್ಯಾಯ ಒಪ್ಪಿಸಿದರು. ಮೊದಲ ಸಲ: "ನಮ್ಮವ ಹಗಲು ಲಾರಿಗೆ ಮೂಟೆ ತುಂಬಿಸಿ, ಸಂಜೆ ಮುಖಕ್ಕೆ ಮುಸುಕು ಹಾಕಿ ನಾಲ್ಕು ವರ್ಷ ಬರೇ ಸೋತ. ಗೊತ್ತುಂಟಾ? ನಿನ್ನದು ಎಂತ ಮಹಾ, ಒಂದು!" ಎರಡನೆಯ ಸಲ: "ಮೂರು ಹೆಸರು ಬದಲಿಸಿದ ಅವ. ನಿನ್ನ ಹೆಸರೂ ಸ್ವಲ್ಪ ಮೆತ್ತಗೆ ಆಯ್ತಲ್ವಾ?" ಮೂರನೆಯ ಸಲದ ಸಲಹೆ ಇನ್ನೂ ಘೋರ. "ಒಳ್ಳೆಯವನಾಗಿದ್ದಷ್ಟು ದಿನ ಜನ ಅವನನ್ನು ಕ್ಯಾರೇ ಮಾಡ್ಲಿಲ್ಲ. ಒಂದು ದಿನ ದುಷ್ಟನಾದ. ಹಿಂದಿಂದ ಕುರ್ಚಿಯಲ್ಲಿ ಹೊಡೆದ. ಮತ್ತೆ ಆರು ತಿಂಗಳಲ್ಲಿ ಚಾಂಪಿಯನ್! ನೀನು ಎಲ್ಲರಿಗೂ ದಾರಿ ಬಿಡ್ತಿಯಂತೆ ಅಲ್ವಾ? ಸ್ವಲ್ಪ ದುಷ್ಟೆಯಾಗು."

ಕನ್ನಡಿಯ ಮುಂದೆ ನಿಂತು ಹುಬ್ಬು ಗಂಟಿಕ್ಕಿ ಅಭ್ಯಾಸ ಮಾಡಿದೆ. ಮಗಳು ಬಾಗಿಲಲ್ಲಿ ಇಣುಕಿದಳು. "ಅಮ್ಮಾ, ಟೂತ್‌ಏಕ್?"

ಅವಳಿಗೂ ದೊಡ್ಡಪ್ಪನಿಗೂ ಒಂದು ಹಳೆಯ ವ್ಯಾಜ್ಯ. "ದೊಡ್ಡಪ್ಪ, ಇಟ್ಸ್ ಆಲ್ ಫೇಕ್! ಯಾರು ಗೆಲ್ತಾರೆ ಅಂತ ದೇ ಡಿಸೈಡ್ ಬಿಫೋರ್."

"ಗೆಲ್ಲುದು ಫೇಕ್ ಇರ್ಲಿ ಮಗಾ. ಬೀಳುದು ಫೇಕಾ? ಭೂಮಿ ಫೇಕಾ?" ಎಂದ ಭಾವ, ಪಂಚೆ ಎತ್ತಿ ಕಟ್ಟಿ, ನಮ್ಮ ನಡುಮನೆಯಲ್ಲಿ ನಿಂತು ಮರ ಕಡಿದಂತೆ ಹಿಂದಕ್ಕೆ ಬಿದ್ದರು. ಬೀಳುವಾಗ ಎರಡೂ ಅಂಗೈ ನೆಲಕ್ಕೆ ಬಡಿದರು. ಹಾಗೆ ಬಡಿದರೆ ಬೆನ್ನಿಗೆ ಪೆಟ್ಟು ಕಡಿಮೆ, ಸದ್ದು ಜಾಸ್ತಿಯಂತೆ. ಸದ್ದಂತೂ ಜಾಸ್ತಿಯೇ ಆಯಿತು. ಮೈಮೂನಕ್ಕ ಓಡಿ ಬಂದರು.

"ಎಂತಾಯ್ತು? ಫ್ರಿಜ್ ಬಿತ್ತಾ?"

ಭಾವ ಏಳಬೇಕೋ ಬೇಡವೋ? ಇಲ್ಲ! ನೋಡುವವರು ಒಬ್ಬರು ಹೆಚ್ಚಾದರಲ್ಲ, ಇನ್ನೂ ಜೋರಾಗಿ ನರಳಿ, ನನ್ನ ಕಡೆ ಕೈ ಚಾಚಿ, "ಸಾಕು ಮಾರಾಯ್ತಿ, ಬಿಟ್ಟುಬಿಡು" ಎಂದರು. ಸೆರಗಿಗೆ ಕೈ ಒರೆಸುತ್ತ ನಿಂತಿದ್ದ ನನ್ನನ್ನು ಮೈಮೂನಕ್ಕ ಕಾಲಿಂದ ತಲೆಯವರೆಗೆ ನೋಡಿದರು. ಅದಾದ ಮೇಲೆ ನಮ್ಮ ಮನೆಯಿಂದ ಪಾಯಸ ಕಳಿಸಿದರೆ ಪಾತ್ರೆ ಮೊದಲಿನಂತೆ ವಾರ ಕಳೆಯದೆ ಮರುದಿನವೇ ತೊಳೆದು ವಾಪಸು ಬರುತ್ತಿದೆ.

ಐದನೆಯ ಸಲ ಫೇಲಾಗಿ ನಾನು ಬೇಸತ್ತಿದ್ದಾಗ ನಮ್ಮವ ಸಾಕ್ಷಾತ್ ಅಬುಧಾಬಿಗೆ ಬಂದ. ಒಂದು ಮಾಲಿನಲ್ಲಿ ಕೂತು ಅಭಿಮಾನಿಗಳಿಗೆ ಸಹಿ ಹಾಕಿಕೊಡುತ್ತಾನಂತೆ. ಭಾವ ಊರಿಂದ ಮಂಡಿನೋವಿನ ತೈಲ ತರಿಸಿದರು. ನಮ್ಮವನ ಎಡಮಂಡಿಗೆ ಎರಡು ಆಪರೇಷನ್ ಆಗಿತ್ತಲ್ಲ, ಅದಕ್ಕೆ! ಮಗಳನ್ನೂ ನನ್ನನ್ನೂ ಕಟ್ಟಿಕೊಂಡು ಐದು ಗಂಟೆ ಸಾಲಿನಲ್ಲಿ ನಿಂತರು. ಬಾಗಿಲಲ್ಲಿದ್ದ ದಢೂತಿ ಕಾವಲುಗಾರ ಬಾಟಲಿ ತಡೆದ. "ಮೆಡಿಸಿನ್, ಬ್ರದರ್, ಫಾರ್ ಹಿಸ್ ನೀ" ಎಂದು ಭಾವ ಅಂಗಲಾಚಿದರು. ಆತ ಮುಚ್ಚಳ ತೆರೆದು ಮೂಸಿದ. "ಸೊಂಟಕ್ಕೂ ಆಗುತ್ತಾ?" ಎಂದು ಹಿಂದಿಯಲ್ಲಿ ಕೇಳಿದ. ಬಾಟಲಿ ಅಲ್ಲಿಗೇ ಖಲಾಸ್.

ಮೇಜಿನ ಮುಂದೆ ನಿಂತಾಗ ಭಾವನಿಗೆ ವಾರದಿಂದ ಬಾಯಿಪಾಠ ಮಾಡಿದ್ದ ಭಾಷಣ ಮರೆತೇಹೋಯಿತು. "ಹೌ ಈಸ್ ಲೆಫ್ಟ್ ನೀ?" ಎಂದರು, ಅಷ್ಟೆ. ಆ ಮನುಷ್ಯನ ಪೆನ್ನು ನಿಂತಿತು. ತಲೆಯೆತ್ತಿ, "ಬೆಟರ್, ಸರ್. ನೋಬಡಿ ಆಸ್ಕ್ಸ್" ಎಂದ. ಫೋಟೋಕ್ಕೆಂದು ಎದ್ದು ನಿಲ್ಲುವಾಗ ಅವನು ಎರಡೂ ಅಂಗೈಯನ್ನು ಮೇಜಿಗೆ ಊರಿ, ಒಂದು ಕ್ಷಣ ತಡೆದು, ಆಮೇಲೆ ಎದ್ದದ್ದು ನನಗೆ ಕಾಣಿಸಿತು. ನನ್ನ ಅಮ್ಮ ಪೂಜೆಯ ಮಣೆಯಿಂದ ಏಳುವುದು ಹೀಗೆಯೇ. ಮನೆಗೆ ಬರುವಾಗ ನಾನೂ "ನಮ್ಮವ" ಎನ್ನತೊಡಗಿದ್ದೆ.

ಆದರೂ ಆರನೆಯ ಸಲವೂ ಫೇಲಾದೆ. "ಸಾಕು ಭಾವ, ನಾನು ನಿವೃತ್ತಿ" ಎಂದೆ.

"ನಮ್ಮವ ಮೂರು ಸಲ ನಿವೃತ್ತನಾಗಿ ಮೂರು ಸಲ ಬಂದ. ನಿವೃತ್ತಿ ಅಂದ್ರೆ ಇಂಟರ್ವಲ್. ಫೇಲಾದ ಕಾಗದ ಎಲ್ಲ ತಾ."

ಆರು ಕಾಗದಗಳನ್ನು ಮಗಳು ಗಟ್ಟಿಯಾಗಿ ಓದಿದಳು. ಆರರಲ್ಲೂ ಒಂದೇ ತಪ್ಪು: ಕನ್ನಡಿ ನೋಡಲಿಲ್ಲ, ಭುಜದ ಹಿಂದೆ ನೋಡಲಿಲ್ಲ. ನನಗೆ ಅಳು ಬಂತು. "ನೋಡಿದ್ದೇನೆ ಭಾವ! ದೇವರಾಣೆ, ಪ್ರತಿ ಸಲ ನೋಡಿದ್ದೇನೆ!"

ಭಾವ ನನ್ನನ್ನು ಊಟದ ಮೇಜಿನ ಕುರ್ಚಿಯಲ್ಲಿ ಕೂರಿಸಿ, ಕೈಗೆ ಸ್ಟೀರಿಂಗೆಂದು ದೋಸೆ ತಟ್ಟೆ ಕೊಟ್ಟರು. "ಈಗ ಹಿಂದೆ ಗಾಡಿ ಉಂಟಾ ನೋಡು."

ನೋಡಿದೆ.

"ಹೂಂ, ನೋಡು."

"ನೋಡಿದೆನಲ್ಲ ಭಾವ."

"ಯಾವಾಗ?!"

ಆಗ ಹೊಳೆಯಿತು. ನಾನು ನೋಡಿದ್ದು ಕಣ್ಣಿನಲ್ಲಿ ಮಾತ್ರ. ಕಾನ್ವೆಂಟಿನಲ್ಲಿ ಹತ್ತು ವರ್ಷ, ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ತಲೆ ತಿರುಗಿಸಿದವರಿಗೆ ಸಿಸ್ಟರ್ ಕೈಯ ಮರದ ಸ್ಕೇಲಿನ ರುಚಿ ಸಿಗುತ್ತಿತ್ತು. ಕತ್ತು ಅಲುಗಿಸದೆ ಹಿಂದಿನ ಸಾಲಿನವಳ ರಿಬ್ಬನ್ನಿನ ಬಣ್ಣವನ್ನೂ ಹೇಳಬಲ್ಲ ವಿದ್ಯೆ ನಮ್ಮದು! ಮರ್ಯಾದಸ್ಥ ಹುಡುಗಿಯರು ಹಾಗೆಯೇ ಜಗತ್ತನ್ನು ನೋಡಬೇಕು. ಪಕ್ಕದಲ್ಲಿ ಕೂತ ಪರೀಕ್ಷಕಿಗೆ ಅದು ಹೇಗೆ ಕಾಣಬೇಕು?

ಭಾವ ಎದ್ದು ನಿಂತರು. "ನಮ್ಮವನಿಗೆ ಅವನ ಗುರು ಕಲಿಸಿದ ಮೊದಲ ಪಾಠ ಎಂತ ಗೊತ್ತುಂಟಾ? ನಿನಗೆ ನೋವಾದ್ರೆ ಸಾಲದು, ಕೊನೆ ಸಾಲಿನಲ್ಲಿ ಪಾಪ್‌ಕಾರ್ನ್ ತಿನ್ನುವವನಿಗೆ ಅದು ಕಾಣ್ಬೇಕು! ನೀನು ನೋಡ್ತಿ. ಯಾರಿಗೂ ಕಾಣುದಿಲ್ಲ."

"ಸೋ ಅಮ್ಮ ಶುಡ್ ಫೇಕ್ ಇಟ್?" ಎಂದಳು ಮಗಳು, ಕಣ್ಣು ಮಿನುಗಿಸಿ.

"ಫೇಕ್ ಅಲ್ಲ ಮಗಾ. ನಿಜವಾಗಿ ನೋಡುದು. ಮತ್ತೆ ನೋಡಿದ್ದನ್ನು ತೋರಿಸುದು. ಎರಡೂ ಮಾಡ್ಬೇಕು."

ಭಾವ ತಮ್ಮ ಕಾರನ್ನೇ ನಮ್ಮ ಬಿಲ್ಡಿಂಗಿನ ಕೆಳಗೆ ನಿಲ್ಲಿಸಿ, ಕೀ ನನ್ನ ಕೈಗೆ ಕೊಟ್ಟು, "ದಿನಾ ಅರ್ಧ ಗಂಟೆ ಒಳಗೆ ಕೂತು ಕತ್ತು ತಿರುಗಿಸು" ಎಂದರು. ಎರಡು ತಿಂಗಳು ನಿಂತ ಕಾರಿನಲ್ಲಿ ಕೂತು ಗುಬ್ಬಿಯಂತೆ ತಲೆ ತಿರುಗಿಸಿದೆ. ಬಿಲ್ಡಿಂಗಿನ ವಾಚ್‌ಮನ್ ಮೊದಲ ವಾರ ಸುಮ್ಮನಿದ್ದ. ಎರಡನೆಯ ವಾರ ಹತ್ತಿರ ಬಂದು ಗಾಜು ತಟ್ಟಿ, "ಮೇಡಂ, ಯಾರಾದ್ರೂ ನಿಮ್ಮನ್ನ ಹಿಂಬಾಲಿಸ್ತಿದಾರಾ?" ಎಂದು ಹಿಂದಿಯಲ್ಲಿ ವಿಚಾರಿಸಿದ.

ಏಳನೆಯ ಟೆಸ್ಟ್. ಪಕ್ಕದಲ್ಲಿ ಕಪ್ಪು ಅಬಾಯಾದ ಪರೀಕ್ಷಕಿ, ಹಿಂದಿನ ಸೀಟಿನಲ್ಲಿ ಸರದಿ ಕಾಯುವ ಇಬ್ಬರು ಹುಡುಗಿಯರು. ನಾನು ಹೊರಡುವ ಮೊದಲೇ ಎಡಗನ್ನಡಿ, ಬಲಗನ್ನಡಿ, ಎಡಭುಜ, ಎಲ್ಲವನ್ನೂ ಕೊನೆಯ ಸಾಲಿನವನಿಗೆ ಕಾಣುವಂತೆ ನೋಡಿದೆ. ಮೊದಲ ವೃತ್ತದಲ್ಲೇ ಜುಟ್ಟಿನ ಕ್ಲಿಪ್ಪು ಹಾರಿ ಹಿಂದಿನ ಹುಡುಗಿಯ ಮಡಿಲಿಗೆ ಬಿತ್ತು.

"ಯು ಲುಕಿಂಗ್ ಫಾರ್ ಸಮ್‌ಬಡಿ?" ಎಂದರು ಪರೀಕ್ಷಕಿ.

"ಮಿರರ್, ಮೇಡಂ!"

ಅವರ ತುಟಿಯ ತುದಿ ಒಂದು ಚೂರು ಮೇಲೆದ್ದಿತು. ಗಾಡಿ ಬದಿಗೆ ನಿಲ್ಲಿಸಿದ ಮೇಲೆ ಟ್ಯಾಬಿನಲ್ಲಿ ಏನೋ ಒತ್ತಿ, "ಪಾಸ್. ಯಲ್ಲಾ, ನೆಕ್ಸ್ಟ್" ಎಂದರು. ಹಿಂದಿನ ಹುಡುಗಿ ಕ್ಲಿಪ್ಪು ವಾಪಸು ಕೊಟ್ಟಳು. ಒಂದು ವರ್ಷದಿಂದ ಎದೆಯ ಮೇಲೆ ಕೂತಿದ್ದ ಅರೆಯುವ ಕಲ್ಲನ್ನು ಯಾರೋ ಎತ್ತಿಟ್ಟ ಹಾಗಾಯಿತು. ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ನಮ್ಮ ಮನೆಯಿಂದ ಆಸ್ಪತ್ರೆಗೆ ಹನ್ನೊಂದು ನಿಮಿಷ.

ರಜೆ ಹಾಕಿ ಬಂದು ಹೊರಗೆ ಕಡಕ್ ಚಹಾ ಹಿಡಿದು ನಿಂತಿದ್ದ ಭಾವ ನನ್ನ ಮುಖ ನೋಡಿದವರೇ, ರೆಫರಿಯಂತೆ ನನ್ನ ಬಲಗೈ ಹಿಡಿದು ಆಕಾಶಕ್ಕೆತ್ತಿದರು. ಕಾಯುತ್ತಿದ್ದ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ನಾಚಿಕೆಯಿಂದ ಸತ್ತೆ. ಕೈಯನ್ನು ಮಾತ್ರ ಇಳಿಸಲಿಲ್ಲ!

ಮಧ್ಯಾಹ್ನದೊಳಗೆ ಲೈಸೆನ್ಸ್ ಕಾರ್ಡು ಕೈಗೆ ಬಂತು. ಟ್ಯಾಕ್ಸಿಯಲ್ಲಿ ಮನೆಗೆ ಬಂದೆವು. ಭಾವ ತಮ್ಮ ಕಾರಿನ ಧೂಳು ಒರೆಸಿ, ಸ್ಟೀರಿಂಗಿನ ಬಾಗಿಲು ನನಗೆ ತೆರೆದು, ತಾವು ಈಚೆ ಬಂದು ಕೂತರು. "ಹೋಗುವ. ನನ್ನನ್ನು ಅಬುಧಾಬಿಗೆ ಬಿಡು."

"ಈಗಲೇ? ಹೈವೇಯಲ್ಲಾ? ನೀವೇ ಓಡಿಸಿ ಭಾವ, ನಾಳೆಯಿಂದ ನಾನು."

"ನನಗೆ ಇನ್ನು ಆಗುದಿಲ್ಲ ಮಾರಾಯ್ತಿ."

ಲೈಸೆನ್ಸ್ ನವೀಕರಿಸಲು ಕಣ್ಣಿನ ಪರೀಕ್ಷೆಗೆ ಹೋದಾಗ ಗೊತ್ತಾಯಿತಂತೆ. ಕಣ್ಣಿನೊಳಗೆ ಒತ್ತಡ. ಅಂಚಿನ ನೋಟ ಎರಡೂ ಕಡೆ ಸವೆದಿದೆ. ಹೋದದ್ದು ಬರುವುದಿಲ್ಲ, ದಿನಾ ಹನಿ ಹಾಕಿಕೊಂಡರೆ ಇದ್ದದ್ದು ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಕಾರು ಮಾತ್ರ ಬೇಡ. ಎರಡು ತಿಂಗಳಿಂದ ಪ್ರತಿ ಶನಿವಾರ ಅವರು ನಮ್ಮಲ್ಲಿಗೆ ಬಂದದ್ದು ಬಸ್ಸಿನಲ್ಲಿ.

"ಹೇಳ್ಲೇ ಇಲ್ಲವಲ್ಲ ಭಾವ!"

"ಹೇಳಿದ್ರೆ ನೀನು ಹೆದರಿಕೊಂಡು ಓಡಿಸ್ತಿದ್ದಿ. ಹೆದರಿಕೊಂಡು ಯಾರೂ ಪಾಸಾಗುದಿಲ್ಲ."

ಸೊಳ್ಳೆ ಕಚ್ಚಿದರೂ ಬಿಲ್ಡಿಂಗಿಗೆಲ್ಲ ಕೇಳುವಂತೆ ನರಳುವ ಮನುಷ್ಯ. ಮಗಳು ಸ್ಕೂಲಿನಿಂದ ಬಂದರೆ ನೋಡಿಕೊಳ್ಳಿ ಎಂದು ಮೈಮೂನಕ್ಕನಿಗೆ ಫೋನ್ ಮಾಡಿ, ಗಾಡಿ ಹೊರಡಿಸಿದೆ.

ಹೈವೇಯುದ್ದಕ್ಕೂ ಭಾವ ನಮ್ಮವನ ಸುದ್ದಿ ಎತ್ತಲಿಲ್ಲ. ಕಿಟಕಿಯ ಕಡೆಗೇ ತಿರುಗಿ ಕೂತಿದ್ದರು. ಅಬುಧಾಬಿಯ ಸೇತುವೆ ಹತ್ತುವಾಗ ಸೀಟಿನಲ್ಲಿ ನೆಟ್ಟಗಾಗಿ, "ಅರೆ, ಇಲ್ಲಿ ಕೆಳಗೆ ಇಷ್ಟು ನೀರುಂಟಾ? ಇಪ್ಪತ್ತೆಂಟು ವರ್ಷದಿಂದ ಬರ್ತಿದ್ದೇನೆ, ನೋಡ್ಲೇ ಇಲ್ಲ ನೋಡು! ರಸ್ತೆಯಿಂದ ಕಣ್ಣು ತೆಗೆಯುವ ಹಾಗೇ ಇರ್ಲಿಲ್ಲ" ಎಂದರು. ಕತ್ತನ್ನು ಪೂರ್ತಿ ಹೊರಳಿಸಿ ಹುಡುಕಿದರು. "ಅಲ್ಲಿ ಬಿಳಿಯದ್ದು ಎಂತ? ಕೊಕ್ಕರೆಯಾ, ದೋಣಿಯಾ?"

"ಕೊಕ್ಕರೆ, ಭಾವ. ಎರಡುಂಟು."

ಇಲ್ಲಿ ನಿಧಾನ ಹೋಗುವವರದ್ದಾದ ಬಲಬದಿಯ ಲೇನಿಗೆ ಬಂದೆ. ಹಿಂದಿನ ಲಾರಿಯವನು ಹಾರ್ನ್ ಹಾಕಿದ. ಹಾಕಲಿ ಎಂದು ಇನ್ನಷ್ಟು ನಿಧಾನ ಮಾಡಿದೆ.