ಹೆಜ್ಜೆ ಕೇಳಿಸುವಷ್ಟು ಜಲ್ಲಿ

ಜಲ್ಲಿ ಅಂಗಡಿ ಇಟ್ಟವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಮನೆ ಮುಂದೆ ಹಾಸೋಕೆ ಎಷ್ಟು ಜಲ್ಲಿ ಬೇಕು ಅಂತ ಕೇಳಿಕೊಂಡು ಬಾಗಲೂರು ರಸ್ತೆಯ ನನ್ನ ಅಂಗಡಿಗೆ ದಿನಕ್ಕೊಬ್ಬರಾದರೂ ಬರುತ್ತಾರೆ, ಒಬ್ಬೊಬ್ಬರ ಲೆಕ್ಕ ಒಂದೊಂದು ಥರ. ನನಗೆ ಬಹಳ ಇಷ್ಟವಾದವರು ಮಾತ್ರ ಒಬ್ಬ ರಿಟೈರ್ಡ್ ಯಜಮಾನರು. ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಬಿಡಿಭಾಗಗಳನ್ನು ಅಳೆದು ಪಾಸು ಮಾಡುವುದೇ ಅವರ ಕೆಲಸವಾಗಿತ್ತು.

೧. ಪಾಸು, ರಿಜೆಕ್ಟ್

ಸಕ್ಕರೆ ಕಾಯಿಲೆಯಿಂದ ಅವರ ಹೆಂಡತಿಯ ಕಣ್ಣು ಮಂಜಾಗಿತ್ತು. ಯಾರಾದರೂ ಸದ್ದಿಲ್ಲದೆ ಹತ್ತಿರ ಬಂದರೆ ಆಯಮ್ಮ ಬೆಚ್ಚಿಬೀಳುತ್ತಿದ್ದರು. ಕೊನೆಗೆ ಜಗಲಿಯ ಮೇಲೆ ಕೂರುವುದನ್ನೇ ಬಿಟ್ಟು ಒಳಗೆ ಸೇರಿಕೊಂಡರು.

"ಗೇಟಿಂದ ಜಗ್ಲಿಗಂಟ ಜಲ್ಲಿ ಹಾಸ್ಬುಟ್ರೆ ಬರೋರ ಹೆಜ್ಜೆ ಕೇಳಿಸ್ತದೆ. ಆಗ್ಲಾದ್ರೂ ಈಚೆ ಬತ್ತಾಳೆ ಕಣಪ್ಪ," ಅಂದರು ಯಜಮಾನರು.

ಇಪ್ಪತ್ತು ಎಂಎಂ ಜಲ್ಲಿ ತೋರಿಸಿದೆ. ಅವರು ಜೇಬಿನಿಂದ ಕ್ಯಾಲಿಪರ್ ತೆಗೆದು ಒಂದೊಂದೇ ಕಲ್ಲು ಅಳೆಯುತ್ತಾ ಕೂತರು. ಅರ್ಧ ಗಂಟೆಯಲ್ಲಿ ಎರಡು ಗುಡ್ಡೆ ಆದವು.

"ಇದು ಇಪ್ಪತ್ಮೂರು ಐತೆ. ರಿಜೆಕ್ಟ್."

"ಸಾರ್, ಬಂಡೆಗೆ ಯಾರೂ ಟ್ರೈನಿಂಗ್ ಕೊಟ್ಟಿಲ್ಲ. ಸ್ವಲ್ಪ ನೋಡ್ಕೊಂಡು ಪಾಸು ಮಾಡಿ," ಅಂದೆ.

೨. ಆಳ ಮೂರು

ಮಾರನೆಯ ದಿನ ಅವರೇ ಲೆಕ್ಕ ಮಾಡಿಕೊಂಡು ಬಂದರು. ಉದ್ದ ಮೂವತ್ತು, ಅಗಲ ನಾಲ್ಕು, ಆಳ ಮೂರು. ಎಲ್ಲ ಗುಣಿಸಿದರೆ ಮುನ್ನೂರ ಅರವತ್ತು ಘನ ಅಡಿ. ಅಂದರೆ ಒಂದು ಲಾರಿ ತುಂಬ!

ನನಗೆ ತಲೆ ತಿರುಗಿತು. ಆಮೇಲೆ ಹೊಳೆಯಿತು. ಎಲ್ಲವನ್ನೂ ಎಂಎಂನಲ್ಲೇ ಅಳೆಯುವ ಕಡೆ ಮೂವತ್ತು ವರ್ಷ ದುಡಿದವರು. ಅಂಕಿಯ ಪಕ್ಕದಲ್ಲಿ ಅಡಿ, ಇಂಚು ಅಂತ ಬರೆಯುವ ಅಭ್ಯಾಸವೇ ಅವರಿಗಿಲ್ಲ. ಮೂರು ಇಂಚು ಮೂರು ಅಡಿಯಾಗಿ ಕೂತಿತ್ತು.

"ಸಾರ್, ಇಷ್ಟು ಹಾಕಿದ್ರೆ ಬಂದೋರು ಸೊಂಟದ ತನಕ ಹೂತ್ಹೋಗ್ತಾರೆ. ಅಮ್ಮನಿಗೆ ಹೆಜ್ಜೆ ಸದ್ದು ಕೇಳ್ಸಲ್ಲ, ಅವರ ಕೂಗಾಟ ಕೇಳಿಸ್ತದೆ!"

೩. ಆಯಮ್ಮನ ಅಳತೆ

ಮೂರನೆಯ ದಿನ ಸ್ಕೂಟರಿನಲ್ಲಿ ಹೆಂಡತಿಯನ್ನೇ ಕರೆತಂದರು. ಆಯಮ್ಮ ಅಂಗಡಿಯ ಮುಂದೆ ಒಂದು ಇಂಚು, ಎರಡು ಇಂಚು, ಮೂರು ಇಂಚು ದಪ್ಪಕ್ಕೆ ಬೇರೆಬೇರೆಯಾಗಿ ಜಲ್ಲಿ ಹರಡಿಸಿ, ಬೆನ್ನು ತಿರುಗಿಸಿ ಕೂತು, "ಒಬ್ಬೊಬ್ರಾಗಿ ನಡೀರಪ್ಪ," ಅಂದರು.

ಮೊದಲು ನಾನು ನಡೆದೆ. ಆಮೇಲೆ ನಮ್ಮ ಲಾರಿ ಡ್ರೈವರ್. ಕೊನೆಗೆ ಯಜಮಾನರು.

"ಇವ್ರು ನಮ್ಮೋರು," ಅಂತ ಆಯಮ್ಮ ತಟ್ಟನೆ ಹೇಳಿದರು. "ಮಂಡಿ ನೋವು, ಬಲಗಾಲು ಎಳೀತಾರೆ. ಡಾಕ್ಟ್ರತ್ರ ಹೋಗಿ ಅಂದ್ರೆ ಕೇಳಕ್ಕಿಲ್ಲ."

ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು.

"ಎರಡು ಇಂಚು ಸಾಕು," ಅಂತ ಆಯಮ್ಮ ತೀರ್ಪು ಕೊಟ್ಟರು. "ಮೂರಾದ್ರೆ ಕಾಲು ಹೂತು ಸದ್ದು ಮಂಕಾಗ್ತದೆ. ಇಷ್ಟು ಕೇಳ್ಸಿದ್ರೆ ನಾಳೆಯಿಂದ್ಲೇ ಜಗ್ಲಿ ಮ್ಯಾಲೆ ಕುಂತ್ಕೋತೀನಿ."

"ಹಂಗಾದ್ರೆ ಇಪ್ಪತ್ತು ಘನ ಅಡಿ ಸಾಕಮ್ಮ," ಅಂದೆ.

"ಸಾಲ್ದು. ಇನ್ನೊಂದು ಹತ್ತು ಬಾಂಡ್ಲಿ ಹಾಕಪ್ಪ. ಹಿತ್ಲು ಬಾಗ್ಲಿಗೆ."

"ಹಿತ್ತಲ ಕಡೆಯಿಂದ ಯಾರು ಬರ್ತಾರಮ್ಮ?"

"ಯಾರೂ ಬರಲ್ಲ. ಹೋಗೋರು ಒಬ್ರವ್ರೆ. ದಿನಾ ಸಂಜೆ, ಬೀಡಿ ಸೇದಕ್ಕೆ."

ಯಜಮಾನರು ಹೆಂಡತಿಯನ್ನು ಮೆಲ್ಲಗೆ ಸ್ಕೂಟರಿನ ಮೇಲೆ ಕೂರಿಸಿ, ಏನೋ ಮರೆತವರಂತೆ ವಾಪಸ್ ಬಂದು, ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ಹಿತ್ಲಿಗೆ ಮಾತ್ರ ಸದ್ದು ಮಾಡ್ದಿರೋ ಜಲ್ಲಿ ಏನಾದ್ರೂ ಐತೇನಪ್ಪ?"

ಸ್ಕೂಟರಿನಿಂದ ಉತ್ತರ ಬಂತು: "ಅದೂ ಕೇಳಿಸ್ತು ಕಣ್ರೀ."