ಭಜನಿ ಮಾಸ್ತರರ ಮಗನ ಪಂಕ್ ಮೇಳ

ನಾವು ಮೂವರು ಒಂದು ಗಿಟಾರು, ಒಂದು ಡ್ರಮ್ಮು ಹೊತ್ತುಕೊಂಡು ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಸಾಕು, ಸಂಜೆಯೊಳಗೆ ಏನಾದರೊಂದು ಆಗಿಯೇ ತೀರುತ್ತಿತ್ತು. ತೊಂಬತ್ತರ ದಶಕದ ಕೊನೆಯ ಮಾತು. ಗಿಟಾರಿನವನು ಆಚಾರ್ರ ಮನೆಯ ಹುಡುಗ. ಡ್ರಮ್ ಬಡಿಯುವವನು ನಾನು, ನಮ್ಮದು ಮೈಕ್‌ಸೆಟ್ ಅಂಗಡಿ. ಹಾಡುವವನು ಸಂಪಗಾಂವದವನು. ಧಾರವಾಡದ ಹಾಸ್ಟೆಲಿನಲ್ಲಿ ಯಾರದೋ ವಿದೇಶಿ ಪಂಕ್ ಸಂಗೀತದ ಕ್ಯಾಸೆಟ್ ಕೇಳಿ ತಲೆ ಕೆಡಿಸಿಕೊಂಡು ಬಂದಿದ್ದ. "ಮೂರ ಸ್ವರ ಬಂದ್ರ ಸಾಕೋ, ಉಳದದ್ದೆಲ್ಲಾ ಸಿಟ್ಟು" ಎಂದು ನಮ್ಮಿಬ್ಬರನ್ನೂ ಕೆಡಿಸಿದ.

ಅವನ ಅಪ್ಪ ಊರಿಗೇ ಹೆಸರಾದ ಭಜನಿ ಮಾಸ್ತರರು. ಅವರು ಒಮ್ಮೆ, ಒಂದೇ ಒಂದು ಸಲ, ಎದುರಿಗೆ ಕುಳಿತು ತನ್ನ ಹಾಡು ಕೇಳಬೇಕು ಎನ್ನುವುದು ಇವನ ಆಸೆ. "ನೀ ಒದರೂ ಜಾಗಾಕ್ಕ ನಾ ಕಾಲಿಡಂಗಿಲ್ಲ" ಎನ್ನುವುದು ಅವರ ಹಟ. ಹಾಡುವವನು ಈಗ ಇಲ್ಲ. ಇದ್ದಿದ್ದರೆ ಇವನ್ನೆಲ್ಲ ನನಗಿಂತ ಚೆಂದ ಹೇಳುತ್ತಿದ್ದ, ಮಧ್ಯೆ ಮಧ್ಯೆ ಸುಳ್ಳನ್ನೂ ಸೇರಿಸುತ್ತಿದ್ದ.

ರಾಮದುರ್ಗದ ಆಯೇರ

ಮೊದಲ ಕಾರ್ಯಕ್ರಮ ರಾಮದುರ್ಗದಲ್ಲಿ, ಗಣಪತಿ ಕೂಡಿಸಿದ ಮಂಟಪದ ಎದುರು. ಪಂಕ್ ಅಂದರೆ ಹರಕು ಬಟ್ಟೆ ಇರಲೇಬೇಕೆಂದು ಹಾಡುವವನು ಇದ್ದ ಒಂದು ಒಳ್ಳೆಯ ಅಂಗಿಯನ್ನು ಬ್ಲೇಡಿನಿಂದ ಬೆನ್ನ ಮೇಲೂ ತೋಳಲ್ಲೂ ಹರಿದುಕೊಂಡಿದ್ದ. ಸರಕಾರ, ಸಾಲಿ, ಬಸ್ಸು, ಎಲ್ಲದರ ಮೇಲೂ ಸಿಟ್ಟಿನ ಹಾಡು. ಕೊರಳ ನರ ಉಬ್ಬಿಸಿ ಒದರುತ್ತಿದ್ದಾನೆ. ಅಷ್ಟರಲ್ಲಿ ತಲೆಗೆ ಪಟಗ ಸುತ್ತಿದ ಹಿರಿಯರೊಬ್ಬರು ನಿಧಾನವಾಗಿ ಮೆಟ್ಟಿಲು ಹತ್ತಿ ಬಂದು ಅವನ ಕೈಯಿಂದ ಮೈಕು ಇಸಿದುಕೊಂಡರು. ನಮ್ಮ ಕಡೆ ಹಾಡಿನ ನಡುವೆ ಹೀಗೆ ಬಂದು ಕಲಾವಿದರಿಗೆ ಉಡುಗೊರೆ ಕೊಡುವುದಕ್ಕೆ ಆಯೇರ ಎನ್ನುತ್ತಾರೆ. ಯಾರೂ ಬೇಡ ಅನ್ನುವಂತಿಲ್ಲ.

"ಹುಡುಗ ಭಾಳ ತ್ರಾಸ ತಗೊಂಡು ಹಾಡಾಕತ್ತಾನ. ಅಂಗೀನೂ ಹರದೈತಿ. ಪಾಪ, ಬಡವರ ಮನಿ ಕೂಸು. ಅದಕ್ಕ ನಮ್ಮ ಕಡಿಂದ ಒಂದು ಅಂಗಿ ಅರಿವಿ ಆಯೇರ" ಎಂದರು. ಜನ ಚಪ್ಪಾಳೆ ತಟ್ಟಿದರು. ಅವರನ್ನು ನೋಡಿ ಇನ್ನೊಬ್ಬರು, ಮತ್ತೊಬ್ಬರು. ಹಾಡುವುದಕ್ಕಿಂತ ನಮಸ್ಕಾರ ಮಾಡುವುದೇ ಹೆಚ್ಚಾಯಿತು. ಹೆಗಲ ತುಂಬ ಬಟ್ಟೆ ಹೊತ್ತುಕೊಂಡು ಸಿಟ್ಟು ಮಾಡುವುದಾದರೂ ಹೇಗೆ?

ಅದರಲ್ಲಿ ಚೆಂದದ ಒಂದು ತುಂಡನ್ನು ಅಪ್ಪನಿಗೆಂದು ಒಯ್ದ. "ಹಾಡಿದ್ದಕ್ಕ ಕೊಟ್ಟಾರ ಯಪ್ಪಾ" ಅಂದ. ಮಾಸ್ತರರು ಅರಿವೆಯನ್ನು ಬೆರಳಲ್ಲಿ ತಿಕ್ಕಿ ನೋಡಿ ಕೇಳಿದರು: "ಹಾಡಿದ್ದಕ್ಕ ಕೊಟ್ಟಾರೋ, ನಿಲ್ಲಸಲಿ ಅಂತ ಕೊಟ್ಟಾರೋ?"

ಪಿನ್ನು

ಸವದತ್ತಿಗೆ ಹೋಗುವಾಗ ಅವನು ಅಂಗಿಯ ತುಂಬ ಪಿನ್ನು ಚುಚ್ಚಿಕೊಂಡಿದ್ದ. ಪಂಕ್‌ನವರ ಗುರುತಂತೆ. ಬಸ್ಸಿಳಿದ ಕೂಡಲೇ ದೇವಿಯ ಗುಡ್ಡಕ್ಕೆ ಹೊರಟಿದ್ದ ಮುದುಕಿಯೊಬ್ಬಳು ಹತ್ತಿರ ಬಂದು, "ಯಪ್ಪಾ, ಚೀಲದ ಕಸಿ ಹರೀತು, ಒಂದು ಪಿನ್ನು ಕೊಡಪಾ" ಎಂದಳು. ಕೊಟ್ಟ. ಅವಳ ಹಿಂದೆ ಒಬ್ಬಳು ಕುಪ್ಪಸದ ಗುಂಡಿ ಹೋದವಳು. ಕೂಸಿನ ಲಂಗೋಟಿಗೆ ಬೇಕು ಅಂದವಳು ಇನ್ನೊಬ್ಬಳು. ಇವನಿಗೆ ಇಲ್ಲ ಅನ್ನಲು ಬರುತ್ತಿರಲಿಲ್ಲ. ಜಗತ್ತಿನ ಮೇಲೆಲ್ಲ ಸಿಟ್ಟಿದ್ದವನಿಗೆ ಎದುರು ನಿಂತ ಮನುಷ್ಯರ ಮೇಲೆ ಮಾತ್ರ ಸಿಟ್ಟು ಬರುತ್ತಿರಲಿಲ್ಲ. ವೇದಿಕೆ ಹತ್ತುವಾಗ ಒಂದೂ ಉಳಿದಿರಲಿಲ್ಲ. ಕೊನೆಗೆ ಬಂದವಳೊಬ್ಬಳು ಖಾಲಿ ಅಂಗಿ ನೋಡಿ, "ನಾಳೆ ಅಂಗಡಿ ಎಷ್ಟಕ್ಕ ತಗೀತಿ?" ಎಂದು ಕೇಳಿ ಹೋದಳು.

ಕಿತ್ತೂರಿನ ಪ್ರಾರ್ಥನೆ

ಕಿತ್ತೂರಿನ ಒಂದು ಕಾಲೇಜಿನ ಗ್ಯಾದರಿಂಗ್. ಪ್ರಾರ್ಥನೆ ಹಾಡಬೇಕಾಗಿದ್ದ ಹುಡುಗಿಯರು ಬಂದಿರಲಿಲ್ಲ. ಪ್ರಾರ್ಥನೆ ಇಲ್ಲದೆ ಕಾರ್ಯಕ್ರಮ ಶುರು ಮಾಡುವುದು ಯಾವ ಪ್ರಿನ್ಸಿಪಾಲರಿಗೂ ಆಗದ ಮಾತು. "ನೀವ ಒಂದು ದೇವರ ಪದಾ ಹೇಳಿಬಿಡ್ರಿ, ಆಮ್ಯಾಲೆ ನಿಮ್ಮದು ಏನೈತಿ ಮಾಡ್ರಿ" ಎಂದರು.

ಹಾಡುವವನು ಕಣ್ಣು ಮುಚ್ಚಿ ಅಪ್ಪನ ಭಜನೆಯ ಪದವೊಂದನ್ನು ಎತ್ತಿಕೊಂಡ. ನಾನು ಅಲ್ಲಿಯವರೆಗೆ ಅವನ ನಿಜವಾದ ಧ್ವನಿ ಕೇಳಿಯೇ ಇರಲಿಲ್ಲ. ಮುಂದಿನ ಸಾಲಿನ ತಾಯಂದಿರು ಕಣ್ಣೊರೆಸಿಕೊಂಡರು. ಮುಗಿಸಿ, ಗಿಟಾರಿನವನಿಗೆ ಸನ್ನೆ ಮಾಡಿ ನಮ್ಮ ಹಾಡು ಶುರು ಮಾಡಿದರೆ ಜನ ಕೇಳಲೊಲ್ಲರು. "ಬ್ಯಾಡ, ಬ್ಯಾಡ, ಇನ್ನೊಂದು ಪದಾ!" ಕಡೆಯ ತನಕ ಭಜನೆಯೇ ನಡೆಯಿತು. ಆಚಾರ್ರ ಹುಡುಗ ಗಿಟಾರಿನಲ್ಲಿ ಏಕತಾರಿ ನುಡಿಸಿದ.

ಕೊನೆಗೆ ಪ್ರಿನ್ಸಿಪಾಲರು ವಂದನಾರ್ಪಣೆಗೆ ಎದ್ದು, "ಪಂಕ್ ಸಂಗೀತ ಇಷ್ಟು ಭಕ್ತಿಪೂರ್ವಕವಾದದ್ದು ಎಂದು ನಮಗೆ ಗೊತ್ತಿರಲಿಲ್ಲ, ವಿದೇಶದಲ್ಲೂ ನಮ್ಮ ಸಂಸ್ಕೃತಿ ಉಳಿದಿದೆ" ಎಂದು ಹೆಮ್ಮೆಪಟ್ಟರು.

ನಾವಿಬ್ಬರೂ ಬಸ್ಸಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನು ನಗಲಿಲ್ಲ. "ಅದು ಅಪ್ಪನ ಹಾಡೋ. ನಂದು ಯಾರೂ ಕೇಳಲಿಲ್ಲ" ಅಂದ.

ಕ್ಯಾಸೆಟ್ಟು

ನಮ್ಮದೂ ಒಂದು ಕ್ಯಾಸೆಟ್ ಇತ್ತು. ನಮ್ಮ ಅಂಗಡಿಯ ಹಿಂದೆಯೇ ರೆಕಾರ್ಡ್ ಮಾಡಿದ್ದು. ಮೂರನೇ ಹಾಡಿನಲ್ಲಿ ಪಕ್ಕದ ಮನೆಯ ಎಮ್ಮೆಯೂ ಸೇರಿಕೊಂಡಿದೆ, ಶ್ರುತಿಗೆ ಸರಿಯಾಗಿ. ಅದನ್ನು ಇಷ್ಟಪಟ್ಟು ಕೇಳಿದವನು ಒಬ್ಬನೇ, ದೊಡವಾಡದ ಕಡೆ ಮಂದಿ ತುಂಬಿಕೊಂಡು ಟೆಂಪೊ ಓಡಿಸುತ್ತಿದ್ದವನು. ಒಂದು ತಿರುಗಿ ತಿರುಗಿ ಹರಿದ ಮೇಲೆ ಇನ್ನೊಂದು ಕೇಳಿಕೊಂಡು ಬಂದ. ಹಾಡುವವನ ಮುಖ ಅರಳಿತು. "ಯಾವ ಹಾಡು ಭಾಳ ಸೇರತೈತ್ರಿ?" ಎಂದ.

"ಯಾವದರ ಇರಲಿ. ಇದನ್ನ ಹಚ್ಚಿದ್ರ ಇಂಜಿನ್ ಬಾನೆಟ್ಟಿನ ಮ್ಯಾಲೆ ಒಬ್ಬರೂ ಕುಂದ್ರಂಗಿಲ್ರಿ. ಗೇರ್ ಹಾಕಾಕ ಆರಾಮ ಆಗೇತಿ."

ಎರಡನೇ ನುಡಿ

ಹಾಡುವವನಿಗೆ ಕಾಮಾಲೆಯಾಯಿತು. ಗಿಡಮೂಲಿಕೆ ಮಾಡಿದರು, ಆಮೇಲೆ ಬೆಳಗಾವಿಗೆ ಒಯ್ದರು. ತಡವಾಗಿತ್ತು. ನಾವು ನೋಡಲು ಹೋದಾಗ, "ನನ್ನ ಕಳಸೂವಾಗ ನಮ್ಮ ಹಾಡು ಬಾರಸ್ರೋ" ಅಂದ. ಹುಚ್ಚುಚ್ಚಾಗಿ ಮಾತಾಡಬೇಡ ಎಂದು ಬೈದೆವು. ಅದೇ ಕೊನೆಯ ಮಾತಾಯಿತು.

ಸಂಪಗಾಂವದಲ್ಲಿ ಅವನಿಗೆ ವಿಭೂತಿ ಹಚ್ಚಿ, ಹೂವು ಏರಿಸಿ, ನಮ್ಮ ಕಡೆಯ ರೂಢಿಯಂತೆ ಮನೆ ಮುಂದೆ ಕೂಡಿಸಿದ್ದರು. ಮಾಸ್ತರರ ಭಜನಾ ಮೇಳ ಪಕ್ಕದಲ್ಲಿ ಕುಳಿತಿತ್ತು. ಆದರೆ ಎತ್ತಿಕೊಡುವ ಮಾಸ್ತರರೇ ಬಾಯಿ ಬಿಡದಿದ್ದರೆ ಹಿಂದೆ ಹೇಳುವವರು ಏನು ಮಾಡಬೇಕು? ತಾಳ ಹಿಡಿದು ಅವರ ಮುಖ ನೋಡುತ್ತಿದ್ದರು. ನಮಗೆ ಹಾಡಿನ ಮಾತು ತೆಗೆಯುವ ಧೈರ್ಯವಾಗಲಿಲ್ಲ.

ಮಾಸ್ತರರೇ ಕರೆದರು. "ತಂದೀರಿಲ್ಲೋ ನಿಮ್ಮ ಸಾಮಾನಾ? ಅಂವ ನನಗೂ ಹೇಳಿದ್ದ. ಬಾರಸ್ರಿ."

ಅವರು ದಿನಾ ನಸುಕಿನಲ್ಲಿ ತಾಳ ಬಾರಿಸಿ ಓಣಿಯನ್ನೆಲ್ಲ ಎಬ್ಬಿಸುತ್ತಿದ್ದರು. ಅದರ ಮೇಲೆಯೇ ಇವನು ಕಟ್ಟಿದ್ದ ಹಾಡು ಅದು. ಮೊದಲ ನುಡಿ ನಸುಕಿನಲ್ಲಿ ಕೂಗುವ ಕೋಳಿಗೆ ಬೈಗುಳ, ಎರಡನೆಯದು ಅಪ್ಪನಿಗೆ. ಗಿಟಾರಿಗೆ ಕರೆಂಟಿಲ್ಲ, ತಂತಿ ಟಿಣ್ ಟಿಣ್ ಅಂದಿತು. ಅಳುತ್ತಳುತ್ತ ಕೋಳಿಗೆ ಬೈದು ಮುಗಿಸಿದೆವು. ಎರಡನೇ ನುಡಿ ಬಿಟ್ಟೆವು.

"ಎರಡನೇ ನುಡಿ ಎಲ್ಲಿ?" ಎಂದರು ಮಾಸ್ತರರು.

"ಅದು ಬ್ಯಾಡ್ರಿ, ಕಾಕಾ."

"ನನ್ನ ಹಿತ್ತಲದಾಗ ಕುಂತು ಕಟ್ಟ್ಯಾನ. ಗ್ವಾಡಿ ಹಿಂದ ನಿಂತು ಎಲ್ಲಾ ಕೇಳೇನಿ. ಎದುರಿಗೆ ಬಂದು ಕೇಳಲಿಲ್ಲ, ಅಷ್ಟ" ಎಂದು, ಒಬ್ಬನ ಕೈಯಿಂದ ತಾಳ ಇಸಿದುಕೊಂಡು ಎದ್ದು ಮಗನ ಎದುರಿಗೆ ನಿಂತರು. ತಮ್ಮದೇ ಭಜನೆಯ ಧಾಟಿಯಲ್ಲಿ ಎತ್ತಿದರು:

"ತಾಳ ಕುಟಗೋತ ಕುಂತಾನ ನಮ್ಮಪ್ಪ,
ಕುಟ್ಟಲಿ ಬಿಡ್ರಿ, ನಾ ಏಳಂಗಿಲ್ಲ!"

ಮಾಸ್ತರರು ಏನು ಎತ್ತಿಕೊಟ್ಟರೂ ಹಿಂದೆ ಹೇಳುವುದು ಮೇಳದವರ ರೂಢಿ. ಅಷ್ಟೂ ಮಂದಿ ತಾಳ, ದಮ್ಮಡಿ ಬಾರಿಸಿ ಭಕ್ತಿಯಿಂದ ಹೇಳಿದರು: "ಕುಟ್ಟಲಿ ಬಿಡ್ರಿ, ನಾ ಏಳಂಗಿಲ್ಲ!"

"ಊರೆಲ್ಲ ಬಂದು ಕರದರೂ ಕರೀಲಿ,
ಕರೀಲಿ ಬಿಡ್ರಿ, ನಾ ಏಳಂಗಿಲ್ಲ!"

ಓಣಿಯಲ್ಲಿ ನಿಂತಿದ್ದ ಹೆಂಗಸರು ಗೊಳೋ ಎಂದರು. ಮೇಳದ ಹಿರಿಯ ಮುದುಕರೊಬ್ಬರು ಕಣ್ಣು ಒರೆಸಿಕೊಳ್ಳುತ್ತ, "ಎಂಥಾ ಮಾತ ಹೇಳ್ಯಾರ! ಯಾವ ಶರಣರ ಪದಾರಿ ಮಾಸ್ತರ?" ಎಂದು ಕೇಳಿದರು.

ಮಾಸ್ತರರು ತಾಳ ನಿಲ್ಲಿಸಲಿಲ್ಲ. "ಯಾವ ಶರಣ ತಗೀರಿ, ಮೈಗಳ್ಳ. ನನ್ನ ಮಗ" ಅಂದರು. "ಹಿಡೀರಿ, ಇನ್ನೊಮ್ಮೆ."