ಪ್ರಬಂಧ ಬರೆಸಲು ಹೋಗಿ

ಮಕ್ಕಳಿಗೆ ಇಂಗ್ಲಿಷಿನಲ್ಲಿ ಪ್ರಬಂಧ, ಸಣ್ಣಕಥೆ ಬರೆಯಲು ಕಲಿಸುವವನು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ವಾರಕ್ಕೊಂದಾದರೂ ಅದಾಗಿಯೇ ನೋಟ್‌ಬುಕ್ಕಿನೊಳಗೆ ಕೂತು ಬರುತ್ತದೆ. ನಾನಿರುವುದು ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ, ಪಾಠ ಮಾಡುವುದು ಹರಿಹರದಲ್ಲಿ. ಆರು, ಏಳು, ಎಂಟನೇ ಕ್ಲಾಸಿಗೆ ಇಂಗ್ಲಿಷ್ ಮೇಷ್ಟ್ರು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ತಿದ್ದುವ ನೋಟ್‌ಬುಕ್ಕುಗಳನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬನೇ ನಗುವುದನ್ನು ನೋಡಿ, ಪಕ್ಕದವರು ಎಷ್ಟೋ ಸಲ ಎದ್ದು ಬೇರೆ ಸೀಟಿಗೆ ಹೋಗಿದ್ದಾರೆ.

ಗೋಪಾಲ

ಒಮ್ಮೆ ಏಳನೇ ಕ್ಲಾಸಿಗೆ ‘ನನ್ನ ಆಪ್ತ ಗೆಳೆಯ’ ಎಂಬ ವಿಷಯ ಕೊಟ್ಟೆ. ಮಾರನೇ ದಿನ ಮೂವತ್ತೊಂದು ನೋಟ್‌ಬುಕ್ ಬಂದವು. ಮೂವತ್ತೊಂದರಲ್ಲೂ ಗೆಳೆಯನ ಹೆಸರು ಗೋಪಾಲ. ಅವನ ಅಪ್ಪ ಡಾಕ್ಟರು, ಅಮ್ಮ ಟೀಚರು, ಅವನ ಮನೆ ನಮ್ಮ ಮನೆಯ ಪಕ್ಕದಲ್ಲೇ ಇದೆ, ಅವನು ದಿನಾ ಬೆಳಿಗ್ಗೆ ಐದಕ್ಕೆ ಏಳುತ್ತಾನೆ. ಎಲ್ಲರೂ ಒಂದೇ ಗೈಡಿನಿಂದ ಇಳಿಸಿಕೊಂಡಿದ್ದರು. ಹೆಣ್ಣುಮಕ್ಕಳಿಗೂ ಅವನೇ ಗೆಳೆಯ.

ನಾನು ಬೈಯುವ ಮೊದಲೇ ಶಾಲೆ ನೋಡಲು ಒಬ್ಬ ಅಧಿಕಾರಿ ಬಂದರು. ಶಾಲೆ ಬಿಟ್ಟ ಮಕ್ಕಳನ್ನು ಹುಡುಕಿ ಸೇರಿಸುವ ಅವಸರದಲ್ಲಿದ್ದರು. ಮೇಜಿನ ಮೇಲಿದ್ದ ನಾಲ್ಕೈದು ನೋಟ್‌ಬುಕ್ ತಿರುವಿದರು, ಹಾಜರಿ ಪುಸ್ತಕ ತರಿಸಿದರು, ಕನ್ನಡಕ ಸರಿಮಾಡಿಕೊಂಡು ಮೇಲಿಂದ ಕೆಳಗೆ ಬೆರಳಾಡಿಸಿದರು.

“ಏನ್ರಿ ಮೇಷ್ಟ್ರೇ, ಈ ಗೋಪಾಲ ಅನ್ನೋ ಹುಡುಗ ಎಲ್ಲಾರ ಮನಿ ಪಕ್ಕದಾಗೂ ಅದಾನೆ, ನಿಮ್ಮ ಹಾಜರಿಯೊಳಗೆ ಇಲ್ವಲ್ರಿ?”

“ಸರ್, ಅವನು ಗೈಡಿನವನು.”

“ಯಾವ ಊರವನಾದ್ರೂ ಇರ್ಲಿ,” ಎಂದರು ಅವರು, ಪೆನ್ನು ತೆಗೆಯುತ್ತ, “ಮೊದ್ಲು ಅಡ್ಮಿಷನ್ ಮಾಡ್ಕಳ್ರಿ. ಗೈಡು ಯಾವ ತಾಲ್ಲೂಕು?”

ಸಾಕ್ಷಿ

ಆಮೇಲೆ ನಾನು ಗೈಡು ಮುಟ್ಟಬಾರದು ಎಂದು ಕಟ್ಟುನಿಟ್ಟು ಮಾಡಿದೆ. “ನಿಮ್ಮ ಕಣ್ಣಿಗೆ ಕಂಡದ್ದನ್ನೇ ಬರೀರಿ, ಬೇರೆ ಒಂದಕ್ಷರ ಬ್ಯಾಡ” ಎಂದೆ. ಆರನೇ ಕ್ಲಾಸಿನವರು ಆ ಮಾತನ್ನು ಬಹಳ ಶ್ರದ್ಧೆಯಿಂದ ಹಿಡಿದುಕೊಂಡರು.

ಗುತ್ತೂರಿನಿಂದ ಬರುವ ಒಂದು ಹುಡುಗಿ ‘ನನ್ನ ತಂದೆ’ ಬಗ್ಗೆ ಬರೆದಳು. “ನಾನು ಶಾಲೆಗೆ ಹೊರಡುವಾಗ ಅಪ್ಪ ಮಲಗಿರುತ್ತಾರೆ. ಭಾನುವಾರ ಮಧ್ಯಾಹ್ನವೂ ಮಲಗಿರುತ್ತಾರೆ. ನಡುವೆ ಎದ್ದು ಚಹಾ ಕುಡಿಯುತ್ತಾರೆ. ಆಮೇಲೆ ಮಲಗುತ್ತಾರೆ. ನನಗೆ ಅಪ್ಪ ಎಂದರೆ ಬಹಳ ಇಷ್ಟ.” ಇಂಗ್ಲಿಷಿನಲ್ಲಿ ಒಂದೂ ತಪ್ಪಿರಲಿಲ್ಲ. ನಾನು ಸಂತೋಷದಿಂದ ಕ್ಲಾಸಿಗೆಲ್ಲ ಓದಿ ಹೇಳಿದೆ. ಅದೇ ತಪ್ಪಾಯಿತು.

ಎರಡು ದಿನ ಬಿಟ್ಟು ಅವರಪ್ಪ ಬಂದರು. ಕಣ್ಣು ಕೆಂಪಗಾಗಿದ್ದವು, ಕೈಯಲ್ಲಿ ಟಿಫನ್ ಕ್ಯಾರಿಯರ್ ಇತ್ತು. “ಸರ್, ನಂದು ಫ್ಯಾಕ್ಟ್ರಿಯಾಗ ನೈಟ್ ಶಿಫ್ಟ್ ರಿ. ಈಗ ಅಲ್ಲಿಂದಾನೇ ಸೀದಾ ಬಂದೀನಿ. ಓಣಿ ಹುಡುಗ್ರೆಲ್ಲ ನನ್ನ ನೋಡಿ, ಎದ್ರಾ ಕಾಕಾ ಅಂತ ಕೇಳ್ತಾವೆ. ಹೆಂಗ್ರಿ ತಲಿ ಎತ್ತಿ ಓಡಾಡ್ಲಿ?”

ಅವರನ್ನು ಸ್ಟಾಫ್ ರೂಮಿನ ಕುರ್ಚಿಯಲ್ಲಿ ಕೂರಿಸಿ, ಹುಡುಗಿಯನ್ನು ಕರೆಸಿದೆ. “ಅಪ್ಪ ರಾತ್ರಿಯೆಲ್ಲ ದುಡೀತಾರಲ್ಲಮ್ಮ, ಅದನ್ನ ಯಾಕ ಬರೀಲಿಲ್ಲ?”

“ನೀವೇ ಹೇಳಿದ್ರಲ್ಲ ಸರ್, ಕಣ್ಣಿಗೆ ಕಂಡಿದ್ದೇ ಬರೀರಿ ಅಂತ. ನಾ ಒಂದಿನಾನೂ ಫ್ಯಾಕ್ಟ್ರಿ ನೋಡಿಲ್ಲ.”

ಅವರಪ್ಪನ ಕಡೆ ತಿರುಗಿದೆ. ಫ್ಯಾನಿನ ಗಾಳಿಗೆ ತಲೆ ವಾಲಿಸಿ ಅವರು ಗಾಢ ನಿದ್ದೆಯಲ್ಲಿದ್ದರು. ಹುಡುಗಿ ತುಟಿಯ ಮೇಲೆ ಬೆರಳಿಟ್ಟು ಪಿಸುಗುಟ್ಟಿದಳು: “ಮೆಲ್ಲಕ ಮಾತಾಡ್ರಿ ಸರ್. ಒಂದ್ಸಲ ಎದ್ರೆ ಮತ್ತೆ ನಿದ್ದಿ ಬರಂಗಿಲ್ಲ ಅವ್ರಿಗೆ.” ಅವರ ಕೈಯಿಂದ ಜಾರುತ್ತಿದ್ದ ಟಿಫನ್ ಕ್ಯಾರಿಯರನ್ನು ಮೆತ್ತಗೆ ತೆಗೆದು ಕೆಳಗಿಟ್ಟಳು. ನಾನು, ಹಿಂದಿ ಮೇಡಂ, ಡ್ರಾಯಿಂಗ್ ಸರ್ ಮೂವರೂ ಮಧ್ಯಾಹ್ನದ ಬೆಲ್ಲಿನವರೆಗೆ ತುದಿಗಾಲಲ್ಲಿ ಓಡಾಡಿದೆವು.

ಮಾರನೇ ದಿನ ಪ್ರಬಂಧಕ್ಕೆ ಮೂರು ಸಾಲು ಸೇರಿತ್ತು. “ನನ್ನ ಅಪ್ಪ ರಾತ್ರಿ ಬಹಳ ಕಷ್ಟಪಡುತ್ತಾರೆ. ಒಂದು ದಿನ ನಮ್ಮ ಶಾಲೆಗೂ ಬಂದು ಮಲಗಿದ್ದರು. ಇದಕ್ಕೆ ಇಂಗ್ಲಿಷ್ ಸರ್ ಸಾಕ್ಷಿ.”

ಎರಡಿಂಚು

ವರ್ಣನೆ ಕಲಿಸಲು ಒಂದು ಆಟ ಮಾಡಿದೆ. ಗೊತ್ತಿರುವ ಒಬ್ಬರನ್ನು ಹೆಸರು ಹೇಳದೆ ವರ್ಣಿಸಬೇಕು, ಉಳಿದವರು ಯಾರೆಂದು ಹೇಳಬೇಕು. ಹರಿಹರದ ಪೇಟೆಯಲ್ಲಿ ಟೈಲರ್ ಅಂಗಡಿ ಇಟ್ಟಿರುವ ಸಾಹೇಬರ ಮಗಳು ಎದ್ದು ಓದಿದಳು.

“ಇವರು ವರ್ಷಕ್ಕೆ ಎರಡು ಸಲ ನಮ್ಮ ಅಬ್ಬಾನ ಅಂಗಡಿಗೆ ಪ್ಯಾಂಟ್ ಹೊಲಿಸಲು ಬರುತ್ತಾರೆ. ಅಳತೆ ತೆಗೆಯುವಾಗ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳುತ್ತಾರೆ. ಆಮೇಲೆ ಬಂದು ಪ್ಯಾಂಟ್ ಬಿಗಿಯಾಯ್ತು, ನಿಮ್ಮ ಟೇಪೇ ಸರಿಯಿಲ್ಲ ಎನ್ನುತ್ತಾರೆ.”

“ಹೆಡ್ಮಾಸ್ಟರು!” ಎಂದು ಇಡೀ ಕ್ಲಾಸು ಕೂಗಿತು. ಆಕೆ ತಲೆ ಅಲ್ಲಾಡಿಸಿದಳು. “ಪಿ.ಟಿ. ಸರ್!” ಅದಕ್ಕೂ ಇಲ್ಲವೆಂದಳು. ಆಮೇಲೆ ಬಾಯಿ ಬಿಡದೆ, ಬಹಳ ಮರ್ಯಾದೆಯಿಂದ ನನ್ನ ಬೆಲ್ಟಿನ ಕಡೆ ನೋಡಿದಳು.

ಬೆಲ್ಲಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ನಾನು “ಟೈಮಾಯ್ತು” ಎಂದೆ.

ಹತ್ತಕ್ಕೆ ಒಂಬತ್ತು ಕೊಟ್ಟೆ. ಕೊಡದೆ ಇರುವಂತಿರಲಿಲ್ಲ, ವರ್ಣನೆ ಅಷ್ಟು ಚೆನ್ನಾಗಿತ್ತು. ಮುಂದಿನ ವಾರ ಅಂಗಡಿಗೆ ಹೋದಾಗ ಸಾಹೇಬರು ಮೆಷಿನ್ ನಿಲ್ಲಿಸಿ ಎದ್ದು ಬಂದರು. “ಬರ್ರಿ ಸರ್, ಬರ್ರಿ. ನನ್ನ ಬೇಟಿ ಏನೇನೋ ಬರೆದಾಳಂತೆ, ಮಾಫ್ ಮಾಡ್ರಿ. ಆ ಒಂದು ಮಾರ್ಕು ಯಾಕ ಕಟ್ ಮಾಡಿದ್ರಿ?”

“ಸ್ಪೆಲ್ಲಿಂಗ್ ತಪ್ಪಿತ್ತು ಸಾಹೇಬ್ರೆ.”

ಅವರು ಆಚೀಚೆ ನೋಡಿ ದನಿ ಇಳಿಸಿದರು. “ಅದನ್ನೂ ಕೊಟ್ಬಿಡ್ರಿ ಸರ್. ನಾನು ಸೊಂಟಕ್ಕೆ ಎರಡಿಂಚು ಬಿಡ್ತೀನಿ. ಯಾರಿಗೂ ಹೇಳಂಗಿಲ್ಲ.”

ಬಾಗಿಲು ತಟ್ಟಿದವರು

ಏಳನೇ ಕ್ಲಾಸಿಗೆ ಸಣ್ಣಕಥೆ ಕಲಿಸುವಾಗ ಹೇಳಿದ್ದೆ: ಎಲ್ಲವನ್ನೂ ಒಂದೇ ಸಲ ಹೇಳಿಬಿಡಬೇಡಿ, ಓದುವವರು ‘ಮುಂದೇನಾಯ್ತು’ ಎಂದು ಚಡಪಡಿಸಬೇಕು. ಪಾಠ ಮಾಡಿದ್ದು ಶನಿವಾರ. ಸೋಮವಾರ ಬೆಳಿಗ್ಗೆ ಆ ಕ್ಲಾಸಿನ ಉಸ್ತುವಾರಿಯ ಗಣಿತ ಮೇಡಂ ಒಂದು ರಜೆ ಚೀಟಿ ಹಿಡಿದು ಓಡಿಬಂದರು. ಒಬ್ಬ ಹುಡುಗ ಪಕ್ಕದ ಮನೆಯವನ ಕೈಯಲ್ಲಿ ಕಳಿಸಿದ್ದ.

“ಪೂಜ್ಯ ಮೇಡಂ, ಭಾನುವಾರ ಬೆಳಿಗ್ಗೆ ಯಾರೋ ನಮ್ಮ ಮನೆಯ ಬಾಗಿಲು ತಟ್ಟಿದರು. ಅಮ್ಮ ಬಾಗಿಲು ತೆರೆದಳು. ಬಂದವರನ್ನು ನೋಡಿ ಚೀರಿದಳು. ಆದ್ದರಿಂದ ನನಗೆ ಎರಡು ದಿನ ರಜೆ ಕೊಡಬೇಕಾಗಿ ವಿನಂತಿ.”

“ಯಾರ್ರಿ ಬಂದಿದ್ದು?” ಎಂದರು ಮೇಡಂ, ನಾನೇ ಬಾಗಿಲು ತಟ್ಟಿದವನ ಹಾಗೆ.

ಮನೆಯ ನಂಬರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಚೀಟಿ ತಂದವನನ್ನು ಕೇಳಿದರೆ, ಮನೆಗೆ ಬೀಗ ಹಾಕಿದೆ ಎಂದ. ಆವತ್ತು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಯಾರಿಗೂ ಊಟ ಸೇರಲಿಲ್ಲ. ಹಿಂದಿ ಮೇಡಂ ಕಳ್ಳರು ಎಂದರು. ಡ್ರಾಯಿಂಗ್ ಸರ್ ಕೋರ್ಟಿನವರು ಎಂದರು. ಹೆಡ್ಮಾಸ್ಟರು ಚೀಟಿಯನ್ನು ಮೂರು ಸಲ ಓದಿ, “ಚೀರಿದಳು ಅಂದ್ರೆ ಹೆಂಗೆ ಚೀರಿದಳು, ಅದನ್ನ ಬರೀಬೇಕಿತ್ತು” ಎಂದು ಬೇಸರಪಟ್ಟರು.

ಬುಧವಾರ ಹುಡುಗ ಹೊಸ ಅಂಗಿ ತೊಟ್ಟು, ಅಂಗೈಗೆ ಮೆಹಂದಿ ಹಚ್ಚಿಕೊಂಡು ಬಂದ. ಗೇಟಿನಲ್ಲೇ ಮೇಡಂ ಹಿಡಿದುಕೊಂಡರು. “ಯಾರೋ ಬಂದಿದ್ದು?”

“ನಮ್ಮ ಸೋದರಮಾವ ಮೇಡಂ. ಮದ್ವಿ ಫಿಕ್ಸ್ ಆಯ್ತು ಅಂತ ಹೇಳಾಕ ಬಂದಿದ್ದ. ಅವನಿಗೆ ಹೆಣ್ಣೇ ಸಿಗ್ತಿದ್ದಿಲ್ಲ, ಅದ್ಕೇ ಅಮ್ಮ ಖುಷಿಗೆ ಚೀರಿದ್ಲು. ಎಲ್ಲಾರೂ ನಿಶ್ಚಿತಾರ್ಥಕ್ಕೆ ಹೋಗಿದ್ವಿ.”

“ಇಷ್ಟಕ್ಕೆ ಎರಡು ದಿನ ನನ್ನ ಜೀವ ಬಾಯಿಗೆ ತಂದ್ಯಲ್ಲೋ!” ಎಂದು ಮೇಡಂ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಹುಡುಗನ ಮುಖ ಅರಳಿತು. ನನ್ನ ಕಡೆ ತಿರುಗಿ ಕೇಳಿದ: “ಸರ್, ಹಂಗಾದ್ರೆ ಕಥಿ ಪಾಸ್ ಅಲ್ರಾ?”

ಪಾಲಕರ ಭೇಟಿ

ಇದು ಹೋದ ವರ್ಷದ್ದು. ಎಂಟನೇ ಕ್ಲಾಸಿನ ಮಕ್ಕಳು ಒಂದು ದಿನ ಹಟ ಹಿಡಿದರು. “ಸರ್, ಯಾವಾಗ್ಲೂ ನಾವೇ ಬರೀಬೇಕಾ? ನೀವೊಂದು ಕಥಿ ಬರ್ಕಂಡು ಬರ್ರಿ, ನಾವು ತಿದ್ದತೀವಿ.” ಒಪ್ಪಿಕೊಂಡೆ. ಬಸ್ಸಿನಲ್ಲಿ ಕೂತು ಗಡಿಬಿಡಿಯಲ್ಲಿ ಒಬ್ಬ ಕಂಡಕ್ಟರನ ಕಥೆ ಗೀಚಿದೆ.

ತಿದ್ದಲು ಅವರು ಆರಿಸಿದ್ದು ಕೊನೆಯ ಬೆಂಚಿನ ಒಂದು ಹುಡುಗಿಯನ್ನು. ಮಾತೇ ಆಡದವಳು. ಅವಳ ನೋಟ್‌ಬುಕ್ಕಿನಲ್ಲಿ ನಾನು ಕೆಂಪು ಪೆನ್ನಿನಿಂದ ಬರೆದ ಟೀಕೆಗಳು ಅವಳು ಬರೆದ ಪ್ರಬಂಧಗಳಿಗಿಂತ ಉದ್ದವಿದ್ದವು. ಮಾರನೇ ದಿನ ನನ್ನ ಕಥೆ ವಾಪಸ್ ಬಂತು. ಹತ್ತಕ್ಕೆ ನಾಲ್ಕು. ಕೆಳಗೆ ಕೆಂಪಕ್ಷರ: “ಅಕ್ಷರ ದುಂಡಗಿಲ್ಲ. ಕಂಡಕ್ಟರ್ ನೋಡಲು ಹೇಗಿದ್ದ? ಕೊನೆ ಅವಸರದಲ್ಲಿ ಮುಗಿಸಿದ್ದೀರಿ. ನಾಳೆ ಪಾಲಕರನ್ನು ಕರೆದುಕೊಂಡು ಬರುವುದು.”

ನಗುತ್ತ ಅದನ್ನು ಮನೆಗೆ ತಂದು ತೋರಿಸಿದೆ. ಆಗ ನಮ್ಮವ್ವ ಕಣ್ಣು ತೋರಿಸಲು ನಮ್ಮೂರು ಕುಕ್ಕುವಾಡದಿಂದ ಬಂದು ನಮ್ಮಲ್ಲಿದ್ದಳು. ಎಪ್ಪತ್ತೆಂಟು ವರ್ಷ. ಹೆಂಡತಿ ಗಟ್ಟಿಯಾಗಿ ಓದಿ ನಕ್ಕಳು. ಅವ್ವ ನಗಲಿಲ್ಲ.

“ನಾಳೆ ಎಷ್ಟೊತ್ತಿಗೆ ಹೋಗ್ಬೇಕು?” ಎಂದಳು.

“ಅವ್ವ, ಅದು ತಮಾಷಿಗೆ ಬರೆದಿದ್ದು.”

“ತಮಾಷಿಗೋ ಏನೋ, ಕರೆದಾರಲ್ಲ? ನೀನು ಓದೋವಾಗ ಪ್ರತಿ ಸಲ ನಿಮ್ಮಪ್ಪನೇ ಹೋಗಿ ಬಂದ. ನನಗ ಹೊಲದ ಕೆಲ್ಸ ಬಿಟ್ಟು ಬರಾಕ ಆಗ್ಲಿಲ್ಲ. ಒಂದಿನಾನೂ ನಿನ್ನ ಸಾಲಿ ಮೆಟ್ಟಿಲು ಹತ್ತಲಿಲ್ಲ ನಾನು.”

ಬೆಳಿಗ್ಗೆ ಅವ್ವ ಪೆಟ್ಟಿಗೆಯೊಳಗಿನ ಇಳಕಲ್ ಸೀರೆ ಉಟ್ಟು, ನನಗಿಂತ ಮೊದಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಅವ್ವನನ್ನು ಕರೆದುಕೊಂಡು ಕ್ಲಾಸಿನೊಳಗೆ ಹೋದಾಗ ಮಕ್ಕಳೆಲ್ಲ ಎದ್ದು ನಿಂತರು. ವಿಷಯ ತಿಳಿದದ್ದೇ ತಡ, ಆ ಹುಡುಗಿಯ ಮುಖ ಬಿಳುಚಿಕೊಂಡಿತು. ಬೈಸಿಕೊಳ್ಳುತ್ತೇನೆ ಎಂದುಕೊಂಡಿರಬೇಕು. ಅವ್ವ ಸೀದಾ ಅವಳ ಬೆಂಚಿನ ಹತ್ತಿರ ಹೋಗಿ ನಿಂತಳು. ನನಗೆ ಏನು ಮಾಡಬೇಕೋ ತೋಚದೆ, ಅವ್ವನ ಪಕ್ಕದಲ್ಲಿ ಕೈಕಟ್ಟಿ ನಿಂತೆ.

“ಏನವ್ವ, ಏನ್ ಮಾಡ್ಯಾನೆ ನಮ್ಮ ಹುಡುಗ?”

ಹುಡುಗಿ ನನ್ನ ಮುಖ ನೋಡಿದಳು. ನಾನು ಹ್ಞೂಂ ಎಂದು ತಲೆಯಾಡಿಸಿ, ನೆಲ ನೋಡಿದೆ. ಅವಳಿಗೆ ಅಷ್ಟೇ ಸಾಕಾಯಿತು. ಬೆನ್ನು ನೇರ ಮಾಡಿಕೊಂಡಳು. ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡಳು. ಥೇಟ್ ನನ್ನ ಹಾಗೆಯೇ.

“ಕೂಡ್ರಿ ಅಜ್ಜಿ. ಹುಡುಗ ಕೆಟ್ಟೋನಲ್ಲ. ಬುದ್ಧಿ ಐತೆ, ಗಮನ ಇಲ್ಲ. ಮನ್ಯಾಗ ಓದ್ತಾನಾ?”

“ಎಲ್ಲಿ ಓದ್ತಾನವ್ವ? ಬಂದ ಕೂಡ್ಲೇ ಮೊಬೈಲ್ ಹಿಡ್ಕಂಡು ಕುಂದ್ರುತಾನೆ. ಊಟಕ್ಕೆ ನಾಕು ಸಲ ಕರೀಬೇಕು.”

ಕ್ಲಾಸು ಬೆಂಚು ಬಡಿಯತೊಡಗಿತು. ಹುಡುಗಿ ಕೈ ಎತ್ತಿ “ಸೈಲೆನ್ಸ್!” ಎಂದಳು. ಆಶ್ಚರ್ಯ, ನನಗೆ ಯಾವತ್ತೂ ಆಗದಷ್ಟು ಬೇಗ ಸದ್ದಡಗಿತು.

“ಮೊಬೈಲ್ ಕೊಡಬ್ಯಾಡ್ರಿ ಅಜ್ಜಿ.”

“ನನ್ನ ಮಾತು ಎಲ್ಲಿ ಕೇಳ್ತಾನೆ? ನೀನೇ ಎರಡೇಟು ಹಾಕವ್ವ.”

“ಈಗ ಹೊಡಿಯಂಗಿಲ್ಲ ಅಜ್ಜಿ, ರೂಲ್ಸ್ ಇಲ್ಲ. ಒಳ್ಳೇ ಮಾತಲ್ಲೇ ಹೇಳ್ಬೇಕು.” ಹಾಗೆಂದು ನೋಟ್‌ಬುಕ್ ಮುಂದಿಟ್ಟಳು. “ಇಲ್ಲಿ ಒಂದು ಸೈನ್ ಮಾಡ್ರಿ.”

ಅವ್ವ ಪೆನ್ನು ಹಿಡಿದು, ಕಷ್ಟಪಟ್ಟು ಕಲಿತಿದ್ದ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದಳು. ಇಡೀ ಕ್ಲಾಸು ಉಸಿರು ಬಿಗಿಹಿಡಿದು ನೋಡಿತು. ಮುಗಿದ ಮೇಲೆ ಹುಡುಗಿ ಬಗ್ಗಿ ನೋಡಿ, “ಅಕ್ಷರ ದುಂಡಗೈತೆ ಅಜ್ಜಿ” ಎಂದಳು. ಅವ್ವನ ಮುಖ ನೋಡಬೇಕಿತ್ತು ನೀವು.

ಹೊರಡುವಾಗ ಅವ್ವನಿಗೆ ಒಂದು ಅನುಮಾನ ಉಳಿದಿತ್ತು. ಹುಡುಗಿಯ ಕೈ ಹಿಡಿದು, ನನಗೆ ಕೇಳಿಸಬಾರದೆಂದು ದನಿ ತಗ್ಗಿಸಿ, ಎಲ್ಲರಿಗೂ ಕೇಳುವಂತೆ ಕೇಳಿದಳು: “ಈ ಸಲನಾದ್ರೂ ಪಾಸಾಗ್ತಾನೇನವ್ವ?”

ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ ನಿಟ್ಟುಸಿರು ಬಿಟ್ಟಳು.

“ಹೇಳಾಕ ಬರಂಗಿಲ್ಲ ಅಜ್ಜಿ. ನಮ್ಮಕ್ಕ ಓದೋವಾಗ್ಲೂ ಇವ್ರು ಎಂಟನೇ ಕ್ಲಾಸ್‌ನಾಗೇ ಇದ್ರಂತೆ.”